ಗೋದಾಮಿನ ಬೀಗಕ್ಕೆ ಸುತ್ತಿದ ದಾರ

"ಅಯ್ಯಯ್ಯೋ, ಸೀರೆ ಗಂಟೆಲ್ಲಿ?"

ದೊಡ್ಡಬಳ್ಳಾಪುರದ ಸೀರೆ ವ್ಯಾಪಾರಿ ಕೋದಂಡರಾಮಯ್ಯನವರ ಕೂಗು ಬೀದಿಯ ಮಗ್ಗಗಳ ಸದ್ದನ್ನೂ ಮೀರಿಸಿತು. ಮದುವೆ ಆರ್ಡರಿಗೆಂದು ಗೋದಾಮಿನಲ್ಲಿಟ್ಟಿದ್ದ ಹನ್ನೆರಡು ರೇಷ್ಮೆ ಸೀರೆಗಳು ಮಾಯ!

ಪಕ್ಕದಲ್ಲಿದ್ದ ಅರುಣಾ ಗೋದಾಮಿನೊಳಗೆ ಇಣುಕಿದಳು. ಅವಳು ಸೆಕ್ಯುರಿಟಿ ಏಜೆನ್ಸಿ ತೆರೆದು ಇನ್ನೂ ಮೂರು ವಾರ. ಇರುವುದು ಇದೊಂದೇ ಗಿರಾಕಿ, ಒಬ್ಬನೇ ಗಾರ್ಡ್. ಈ ಕೆಲಸ ಕೈತಪ್ಪಿದರೆ ಬೋರ್ಡು ಇಳಿಸಿ ಮನೆಗೆ ಹೋಗುವುದೇ.

ದಿನಾ ಸಂಜೆ ಬೀಗಕ್ಕೆ ರೇಷ್ಮೆ ದಾರ ಸುತ್ತಿ, ಎರಡೂ ತುದಿಗೆ ತನ್ನ ಸಹಿಯ ಚೀಟಿ ಅಂಟಿಸಿ ಹೋಗುವುದು ಅವಳದೇ ಉಪಾಯ. ಬೆಳಿಗ್ಗೆ ತಾನೇ ಬಿಚ್ಚುತ್ತಿದ್ದಳು. ಇವತ್ತೂ ಚೀಟಿ ಹರಿದಿರಲಿಲ್ಲ, ದಾರ ತುಂಡಾದಂತೆಯೂ ಕಂಡಿರಲಿಲ್ಲ.

"ದಾರ ನೆಟ್ಟಗಿದೆ, ಮಾಲಿಲ್ಲ. ಇದ್ಯಾವ ಸೀಮೆ ಸೆಕ್ಯುರಿಟಿಯಮ್ಮಾ?" ಕೋದಂಡರಾಮಯ್ಯ ಗುಡುಗಿದರು.

"ನನ್ನ ಹತ್ರ ಇರೋ ಹಾಗೆ ಒಂದು ಕೀ ಗಾರ್ಡ್ ಹತ್ರಾನೂ ಇದೆ ಸಾರ್," ಎಂದ ಮ್ಯಾನೇಜರ್ ಗೋವಿಂದರಾಜು, ಇಸ್ತ್ರಿ ಅಂಗಿಯ ತೋಳು ಸರಿಮಾಡಿಕೊಳ್ಳುತ್ತ. "ಪೊಲೀಸ್‌ಗೆ ಫೋನ್ ಮಾಡ್ಬಿಡೋಣ."

ಬೂದಿಗೆರೆಯಿಂದ ರಾತ್ರಿ ಪಾಳಿಗೆ ಬರುವ ಗಾರ್ಡ್ ಮುನಿಕೃಷ್ಣನ ಮುಖ ಬಾಡಿತು. "ದೇವರಾಣೆ ನಾನಲ್ಲಕ್ಕ! ಸಂಜೆ ಏಳಕ್ಕೆ ಟೀ ತರೋಕೆ ಹೋಗಿದ್ದು ಬಿಟ್ರೆ ಗೇಟ್ ಬಿಟ್ಟು ಕದಲಿಲ್ಲ."

"ಅರ್ಧ ಗಂಟೆ ಟೈಮ್ ಕೊಡಿ ಸಾರ್," ಎಂದಳು ಅರುಣಾ.

*

ಎಲ್ಲರೂ ಆಫೀಸಿಗೆ ಬಂದರು. ಅರುಣಾ ದಾರವನ್ನು ಬೆಳಕಿಗೆ ಹಿಡಿದು ಬೆರಳಾಡಿಸಿದಳು. ನಡುವೆ ಒಂದು ಕಡೆ ಎಳ್ಳಷ್ಟು ದಪ್ಪ. ಅಲ್ಲಿ ಬೂದುಬಣ್ಣದ ಪುಡಿ. ವಿಭೂತಿ!

"ನಿಮ್ಮ ಗಾರ್ಡ್ ಹಣೆ ನೋಡಿ ಮೇಡಂ!" ಗೋವಿಂದರಾಜು ಕೈ ತೋರಿಸಿದ. ಅಲ್ಲಿ ಮೂರು ಪಟ್ಟೆ ವಿಭೂತಿ ಹೊಳೆಯುತ್ತಿತ್ತು. ಕೋದಂಡರಾಮಯ್ಯ ಫೋನ್ ತೆಗೆದೇಬಿಟ್ಟರು.

ಅರುಣಾ ಎರಡು ತುಂಡು ದಾರವನ್ನು ಮುನಿಕೃಷ್ಣನ ಕೈಗಿಟ್ಟಳು. "ಗಂಟು ಕಾಣ್ದಂಗೆ ಸೇರ್ಸು ನೋಡೋಣ."

ಅವನು ನಾಲಿಗೆ ಕಚ್ಚಿಕೊಂಡು ಹೆಣಗಾಡಿ ಹಾಕಿದ್ದು ಎಮ್ಮೆ ಕಟ್ಟುವ ಗಂಟು! ಕೋಪದಲ್ಲಿದ್ದ ಕೋದಂಡರಾಮಯ್ಯನವರಿಗೂ ನಗು ಬಂತು.

"ಈಗ ನೀವು ಮಾಡಿ, ಗೋವಿಂದರಾಜು ಅವ್ರೆ."

"ನಾನಾ? ನಂಗೆ ಮಗ್ಗದ ಕೆಲ್ಸ ಒಂದ್ಚೂರೂ ಗೊತ್ತಿಲ್ಲ."

"ಸುಮ್ನೆ ಒಂದ್ಸಲ."

ಬೇಕೆಂದೇ ದಪ್ಪ ಗಂಟು ಹಾಕೋಣ ಅಂತ ಹೊರಟ ಪುಣ್ಯಾತ್ಮ. ಕೈ ಕೇಳಬೇಕಲ್ಲ! ದಾರ ಹಿಡಿದದ್ದೇ ತಡ, ಬಲಗೈ ಬೆರಳು ತಾನಾಗಿ ಮೇಜಿನ ಮೇಲೆ ದೇವರ ಪಟದ ಮುಂದಿದ್ದ ವಿಭೂತಿ ತಟ್ಟೆಗಿಳಿಯಿತು. ಬೆಚ್ಚಿಬಿದ್ದು ಹಿಂತೆಗೆದ. ಅಷ್ಟರಲ್ಲಿ ಮೂವರೂ ನೋಡಿಯಾಗಿತ್ತು.

*

"ಮಗ್ಗದ ಹಳೇ ಎಳೆಗೆ ಹೊಸ ಎಳೆ ಕೆಚ್ಚಿ ಸೇರಿಸೋರು ಗಂಟು ಹಾಕಲ್ಲ ಸಾರ್," ಎಂದಳು ಅರುಣಾ. "ಬೆರಳಿಗೆ ಬೂದಿ ಹಚ್ಕೊಂಡು ಎರಡೂ ಎಳೆ ಹೊಸೀತಾರೆ. ನಮ್ಮತ್ತೆ ಮೂವತ್ತು ವರ್ಷ ಮಾಡಿದ್ದು ಇದನ್ನೇ. ದಾರ ಕತ್ತರಿಸಿದ ಕಳ್ಳ ಹಂಗೇ ಹೊಸೆದು ಸೇರಿಸಿದಾನೆ. ಮುನಿಕೃಷ್ಣಂಗೆ ಅದು ಬರಲ್ಲ. ಇವರಿಗೆ ಬರುತ್ತೆ, ಆದ್ರೆ ಬರಲ್ಲ ಅಂತ ಸುಳ್ಳು ಹೇಳಿದ್ರು. ಮುನಿಕೃಷ್ಣ, ನಿನ್ನೆ ಟೀಗೆ ಕಳಿಸಿದ್ದು ಯಾರೋ?"

"ಇವರೇ ಕಣಕ್ಕ!"

ಗೋವಿಂದರಾಜು ಕೈಮುಗಿದ. "ಸೀರೆ ನಮ್ಮನೇಲೇ ಇವೆ ಸಾರ್. ನನ್ನ ಭಾಮೈದ ಬಾಶೆಟ್ಟಿಹಳ್ಳೀಲಿ ಸೆಕ್ಯುರಿಟಿ ಏಜೆನ್ಸಿ ಶುರು ಮಾಡ್ದ. ಇವರ ಮೇಲೆ ಕಳ್ಳತನ ಬಂದ್ರೆ ಈ ಕೆಲ್ಸ ಅವನಿಗೆ ಸಿಗುತ್ತೆ ಅಂತ..."

ಮಧ್ಯಾಹ್ನದೊಳಗೆ ಪೊಲೀಸರೂ ಬಂದರು, ಹನ್ನೆರಡು ಸೀರೆಗಳೂ ಬಂದವು. ಕೋದಂಡರಾಮಯ್ಯ ಮುಖವರಳಿಸಿ, "ಹಗಲು ಪಾಳೀನೂ ನಿಂಗೇ ಕಣಮ್ಮ," ಎಂದರು.

ಅರುಣಾಳಿಗೆ ಕುಣಿಯುವಷ್ಟು ಖುಷಿಯಾಯಿತು. ಆದರೂ ಕೈಕಟ್ಟಿ ನಿಂತಳು. "ಹಗಲಿಗೆ ಯೂನಿಫಾರ್ಮ್ ಹಾಕ್ಕೊಂಡು ನಾನೇ ಬರ್ತೀನಿ ಸಾರ್. ಆದ್ರೆ ಮೊದ್ಲು ನಮ್ಮ ಹುಡುಗಂಗೆ ಒಂದು ಮಾತು ಹೇಳಿ. ಇಲ್ಲಾಂದ್ರೆ ರಾತ್ರಿ ಪಾಳೀನೂ ಬೇಡ."

ಯಜಮಾನರು ಚಪ್ಪಲಿ ಮೆಟ್ಟಿದರು. ಗೇಟಿನ ತನಕ ನಡೆದು ಹೋಗಿ ಮುನಿಕೃಷ್ಣನ ಎರಡೂ ಕೈ ಹಿಡಿದು, "ತಪ್ಪಾಯ್ತು ಕಣಪ್ಪಾ," ಎಂದರು.

ಮುನಿಕೃಷ್ಣ ಗಳಗಳನೆ ಅತ್ತುಬಿಟ್ಟ. ಆಮೇಲೆ ಕಣ್ಣೊರೆಸಿಕೊಂಡು, ಅರುಣಾಳ ಕಡೆ ತಿರುಗಿ, ಕಾಲು ನೆಲಕ್ಕೆ ಬಡಿದು ಸೆಲ್ಯೂಟ್ ಹೊಡೆದ.