ದುಬೈಯಲ್ಲಿದ್ದ ಮಗ

"ನನ್ನ ಮಗ ದುಬೈಯಲ್ಲಿದ್ದಾನೆ! ಜೈಲಲ್ಲಿ ಕೊಳೀತಿರೋನು ನಿನ್ನ ಗಂಡ!"

ಕಾನ್ಸೊಲಾ ಸೊಸೆಯ ಮುಖಕ್ಕೇ ಬಾಗಿಲು ಹಾಕಹೊರಟಳು. ಸಂತೆಯಿಂದ ನೇರವಾಗಿ ಬಂದಿದ್ದ ದೆಲ್ಫೀನಾ ಹೊಸ್ತಿಲಿಗೆ ಕಾಲು ಅಡ್ಡ ಇಟ್ಟಳು.

"ಅತ್ತೆ, ದುಡ್ಡು ಕೇಳೋಕೆ ಬಂದಿಲ್ಲ. ಊರಲ್ಲಿ ಮರ್ಯಾದೆ ಇರೋರೊಬ್ರು ಬಂದು, ಇವನಿಗೆ ನಾನು ಹೊಣೆ ಅಂತ ಕೋರ್ಟಲ್ಲಿ ಸಹಿ ಹಾಕಿದ್ರೆ ಬಿಡ್ತಾರಂತೆ. ವಕೀಲರೇ ಹೇಳಿದ್ರು. ನೀವೊಂದು ಸಲ..."

"ಆಮೇಲೆ ಚರ್ಚಲ್ಲಿ ಯಾವ ಮುಖ ಹೊತ್ಕೊಂಡು ಕೂರಲಿ? ಮೀನು ಮಾರೋಳನ್ನ ಕಟ್ಕೊಂಡಾಗಲೇ ಅವನು ನನ್ನ ಪಾಲಿಗೆ ಸತ್ತ. ಆಚೆ ನಡಿ, ನಾತ!"

ಎಂಥ ತಾಯಿ! ದೋಣಿ ಎಳೆದು ನಿಲ್ಲಿಸುವ ಜಾಗಕ್ಕಾಗಿ ಜಗಳವಾಗಿ, ಅವಳ ಮಗ ರುಫೀನೋ ದೋಣಿಯ ಹುಟ್ಟಿನಿಂದ ಹೊಡೆದು ಅದೇ ಊರಿನ ಮೀನುಗಾರ ಸೆವೆರೋನ ತಲೆ ಒಡೆದಿದ್ದ. ಸೆವೆರೋ ಬದುಕಿಕೊಂಡ, ರುಫೀನೋ ವಿಚಾರಣೆಗೆ ಕಾಯುತ್ತ ಇಲೊಯಿಲೊ ಪಟ್ಟಣದ ಜೈಲು ಸೇರಿದ. ಅಂದಿನಿಂದ ಈ ಮಹಾತಾಯಿ ಪೇಟೆಯ ಸೆಂಟನ್ನು ಪೂಸಿಕೊಂಡು, ಮಗ ಕಳಿಸಿದ್ದೆಂದು ಪ್ರಾರ್ಥನೆಗೆ ಬಂದವರಿಗೆಲ್ಲ ಮೂಸಿಸುತ್ತಿದ್ದಳು! ಅಲ್ಲಿ ಜೈಲಲ್ಲಿ ಮಗ ಮೈತುಂಬ ಕುರುವೆದ್ದು, ಮಲಗಲು ಜಾಗವಿಲ್ಲದೆ ಗೋಡೆಗೊರಗಿ ನಿದ್ದೆ ಮಾಡುತ್ತಿದ್ದ. ದೆಲ್ಫೀನಾ ಒಯ್ದ ಅನ್ನವನ್ನು ಕಾವಲಿನವರು ಚಮಚದಿಂದ ಕೆದಕಿ ಒಳಗೆ ಬಿಡುತ್ತಿದ್ದರು.

"ಅಮ್ಮ ಬರಲ್ವಾ?" ಎಂದು ಅವನು ಕೇಳಿದಾಗಲೆಲ್ಲ, "ಮೊಣಕಾಲು ನೋವಂತೆ ಪಾಪ... ನಡೆಯೋಕಾಗಲ್ಲ" ಎನ್ನುತ್ತಿದ್ದಳು.

ಬೇರೆ ದಾರಿ ಕಾಣದೆ ದೆಲ್ಫೀನಾ ಸೆವೆರೋನ ತಾಯಿ, ಊರೇ ಗೌರವಿಸುವ ಸೂಲಗಿತ್ತಿ ಪೆತ್ರಾಳ ಮನೆಗೇ ಹೋದಳು. ಮುದುಕಿ ಉರಿದುಬಿದ್ದಳು.

"ನನ್ನ ಮಗನ ತಲೆ ಒಡೆದೋನಿಗೆ ನಾನು ಹೊಣೆನಾ? ಹೆತ್ತೋಳು ಎಲ್ಲಿ ಹೋದ್ಲು?"

"ಮಗ ದುಬೈಲಿದ್ದಾನೆ ಅಂತಾರೆ, ಅಜ್ಜಿ..."

ದೆಲ್ಫೀನಾ ಅಳು ತಡೆಯಲಾರದೆ ಕುಸಿದು ಕೂತಳು. ಪೆತ್ರಾ ಬಾಗಿಲಾಚೆ ಉಗಿದಳು.

"ಥೂ ಅವಳ ಜನ್ಮಕ್ಕೆ! ಆ ಹುಡುಗನ್ನ ಅವಳ ಹೊಟ್ಟೆಯಿಂದ ಈ ಕೈಲೇ ಈಚೆಗೆ ಎಳೆದಿದ್ದು ನಾನು. ನನ್ನ ಮಗನೂ ಏನು ಸಾಚಾ ಅಲ್ಲ, ಮೊದಲು ಕೈ ಎತ್ತಿದ್ದು ಅವನೇ. ಏಳೇ, ಮಂಚದ ಕೆಳಗೆ ನನ್ನ ಒಳ್ಳೆ ಚಪ್ಪಲಿ ಇದೆ, ತೆಗಿ."

ಪೆತ್ರಾ ಸಹಿ ಹಾಕಿದಳು. ರುಫೀನೋ ಹೊರಬಂದ.

ಗಂಡ ಹೆಂಡತಿ ಮರಳುವಾಗ ಊರ ತಿರುವಿನಲ್ಲಿ ಕಾನ್ಸೊಲಾ ಹೊಸ ಅಂಗಿ, ಸೂಟ್‌ಕೇಸು ಹಿಡಿದು ನಿಂತಿದ್ದಳು.

"ಇದನ್ನ ಹಾಕ್ಕೊ ಮಗಾ. ವಿಮಾನ ಇಳಿದು ಬಂದೆ ಅನ್ನು. ಹಂದಿ ಸುಡಿಸಿದ್ದೀನಿ, ಜನ ಎಲ್ಲ ಕಾಯ್ತಿದ್ದಾರೆ. ಇವಳು ಹಿಂದಿನ ಬಾಗಿಲಿಂದ ಬರಲಿ."

"ಅಮ್ಮ, ಮೊಣಕಾಲು ಹೇಗಿದೆ?"

"ಮೊಣಕಾಲಾ? ನನಗೇನಾಗಿದೆ ಧಾಡಿ!"

ರುಫೀನೋ ಹೆಂಡತಿಯ ಕಡೆ ತಿರುಗಿದ. ಅವಳು ತಲೆ ತಗ್ಗಿಸಿದ್ದಳು. ಅವನು ಸೂಟ್‌ಕೇಸನ್ನು ಒದ್ದು, ಮನೆಯಲ್ಲಿ ಕಾಯುತ್ತಿದ್ದ ಜನಕ್ಕೆಲ್ಲ ಕೇಳುವಂತೆ ಕೂಗಲು ಬಾಯಿ ತೆರೆದ. ದೆಲ್ಫೀನಾ ಅವನ ತೋಳು ಹಿಡಿದಳು.

"ಬಿಡು ರುಫೀ. ಅವರ ಮಗ ದುಬೈಯಲ್ಲೇ ಇರಲಿ."

ಕಾನ್ಸೊಲಾ ಹಿಂದಿನಿಂದ ಕರೆದಳು, ಬೈದಳು, ಕೊನೆಗೆ ಅತ್ತಳು... ಇಬ್ಬರೂ ತಿರುಗಿ ನೋಡಲಿಲ್ಲ.

ಪೆತ್ರಾಳ ಮನೆಯಲ್ಲಿ ಬಿಸಿ ಗಂಜಿ ಹಬೆಯಾಡುತ್ತಿತ್ತು. ಹಣೆಯ ಮೇಲೆ ಉದ್ದ ಗಾಯದ ಕಲೆ ಹೊತ್ತ ಸೆವೆರೋ ಉಣ್ಣುತ್ತ ಕೂತಿದ್ದ. ರುಫೀನೋ ಬಾಗಿಲಲ್ಲೇ ನಿಂತುಬಿಟ್ಟ. ಸೆವೆರೋ ತಲೆ ಎತ್ತಲಿಲ್ಲ. ತಟ್ಟೆ ಹಿಡಿದುಕೊಂಡು ಬೆಂಚಿನಲ್ಲಿ ಒಂದಿಷ್ಟು ಸರಿದು ಕೂತ.