ಅರ್ಧ ದಾಳಿಂಬೆ

“ಸೂಜಿಯನ್ನ ಹಾಗೆ ದುರುಗುಟ್ಟಿ ನೋಡ್ಬೇಡ ಕಣೇ, ಅದೇನೂ ಓಡಿಹೋಗಲ್ಲ. ಬಟ್ಟೆ ನೋಡು,” ಎಂದರು ಅಜ್ಜಿ.

ಸಾನೋಬರ್ ಪೆಡಲಿನಿಂದ ಕಾಲು ತೆಗೆದಳು. ಹೊಲಿಗೆ ಮಿಷನ್ ನಿಂತಿತು.

ಬಟ್ಟೆಯನ್ನು ಒತ್ತಿ ಹಿಡಿಯುವ ಮಿಷನ್ನಿನ ಪಾದವನ್ನು ಅಜ್ಜಿ ಮೊದಲೇ ಬಿಚ್ಚಿಟ್ಟಿದ್ದರು. ಬಟ್ಟೆ ಮರದ ರಿಂಗಿನಲ್ಲಿ ಬಿಗಿಯಾಗಿ ಕೂತಿತ್ತು. ಎರಡೂ ಕೈಯಲ್ಲಿ ರಿಂಗನ್ನು ಸರಿಸುತ್ತಾ ಹೋದಂತೆ ಕಸೂತಿ ಬೀಳುತ್ತಿತ್ತು.

ಚಿತ್ರ ಬಿಡಿಸುವುದರಲ್ಲಿ ಸಾನೋಬರ್ ಇಡೀ ಶಾಲೆಗೇ ಮುಂದು. ಅದೇ ಇಲ್ಲಿ ತೊಂದರೆ. ಪೆನ್ಸಿಲ್ಲಾದರೆ ಓಡುತ್ತದೆ, ಕಾಗದ ಸುಮ್ಮನಿರುತ್ತದೆ. ಇಲ್ಲಿ ಸೂಜಿ ನಿಂತಲ್ಲೇ ಕುಣಿಯುತ್ತದೆ, ಓಡಬೇಕಾದದ್ದು ಬಟ್ಟೆ. ಬಲಕ್ಕೆ ಗೆರೆ ಬೇಕೆಂದರೆ ಕೈ ಎಡಕ್ಕೆ ಹೋಗಬೇಕು. ತಲೆಗೆ ಗೊತ್ತಿತ್ತು, ಕೈ ಮರೆಯುತ್ತಿತ್ತು.

ಅಕ್ಕ ಮುನಿಸಾಳ ಮದುವೆ ಹತ್ತಿರ ಬಂದಿತ್ತು. ಬೆಟ್ಟದಾಚೆಯ ಗಂಡನ ಮನೆಯ ಗೋಡೆಗೆ ಹಾಕಲು ದೊಡ್ಡ ಕಸೂತಿ ಬಟ್ಟೆ, ಸುಜನಿ, ಕೊಡಬೇಕು. ಮನೆಯ ಹೆಂಗಸರೆಲ್ಲ ಅದಕ್ಕೆ ಕೈ ಹಾಕಲೇಬೇಕು. ಉದ್ದುದ್ದ ಪಟ್ಟಿಗಳನ್ನು ಹಂಚಿಕೊಂಡು ಹೊಲಿದು, ಕೊನೆಗೆ ಜೋಡಿಸುತ್ತಾರೆ. ಅಜ್ಜಿಯ ಪಟ್ಟಿಯ ಅಂಚಿನಲ್ಲಿ ಅರ್ಧ ದಾಳಿಂಬೆ ಇತ್ತು. ಉಳಿದರ್ಧ ಅಮ್ಮನ ಪಟ್ಟಿಯಲ್ಲಿ. ಅದನ್ನು ಸಾನೋಬರ್ ಹಟ ಹಿಡಿದು ತನ್ನದು ಮಾಡಿಕೊಂಡಿದ್ದಳು.

ಹೊಲಿದು ಮುಗಿಸಿದಾಗ ಮುನಿಸಾ ರೊಟ್ಟಿಯ ಹಿಟ್ಟು ಮೆತ್ತಿದ ಕೈಯಲ್ಲೇ ಓಡಿಬಂದಳು.

“ಏನೇ ಇದು? ದಾಳಿಂಬೆನೋ, ಹಸು ತುಳಿದ ಟೊಮ್ಯಾಟೊನೋ?”

ಅಮ್ಮನೂ ನಕ್ಕಳು. ಸಾನೋಬರಳಿಗೆ ಮಾತ್ರ ನಗು ಬರಲಿಲ್ಲ. ಗಂಡಿನ ಕಡೆಯವರೆಲ್ಲ ಗೋಡೆಯ ಮುಂದೆ ನಿಂತು ಹೀಗೇ ನಕ್ಕರೆ?

ಇಬ್ಬರೂ ಆಚೆ ಹೋದ ಮೇಲೆ, “ಅಜ್ಜೀ, ಇದನ್ನ ನೀನೇ ಹೊಲಿದುಬಿಡು,” ಎಂದಳು.

“ನಿಜವಾಗ್ಲೂ?”

“ಹ್ಞೂಂ.”

ಅಜ್ಜಿ ಅವಳ ಮುಖವನ್ನೊಮ್ಮೆ ನೋಡಿ, ದಾರ ಬಿಚ್ಚಿ, ಮಿಷನ್ನಿಗೆ ಕೂತರು. ಸಂಜೆಯ ಚಹಾದ ಹೊತ್ತಿಗೆ ಅರ್ಧ ದಾಳಿಂಬೆ ದುಂಡಗೆ ಎದ್ದು ಬಂತು.

ಮರುದಿನ ಹಿಪ್ಪುನೇರಳೆ ಮರದ ಕೆಳಗಿನ ಮಂಚದ ಮೇಲೆ ಪಟ್ಟಿಗಳನ್ನು ಹರಡಿದರು. ಜೋಡಿಸುವ ಮುಂಚೆ ಮುನಿಸಾ ಬಂದು ಒಂದೊಂದರ ಮೇಲೂ ಬೆರಳಾಡಿಸಿದಳು.

“ಈ ಒತ್ತೊತ್ತು ಹೊಲಿಗೆ ಅಮ್ಮಂದು. ಇದು ಅಜ್ಜೀದು. ಇದೂ ಅಜ್ಜೀದು...” ಬೆರಳು ನಿಂತಿತು. “ಏ, ನನ್ನ ಟೊಮ್ಯಾಟೊ ಎಲ್ಲೇ?”

“ಬಿಚ್ಚಿಸಿದೆ. ನೀನೇ ನಕ್ಕೆಯಲ್ಲ!”

“ನಕ್ಕೆ ಕಣೇ. ಅಲ್ಲಿ ಹೋದ್ಮೇಲೂ ನೋಡಿ ನಗಬೇಕಲ್ಲ ನಾನು.” ಮುನಿಸಾ ಆಚೆ ತಿರುಗಿ, ಸರಿಯಾಗಿಯೇ ಇದ್ದ ತಲೆವಸ್ತ್ರವನ್ನು ಸರಿಮಾಡಿಕೊಂಡಳು.

ತಾನು ಹೊಲಿಯಲು ಏನಾದರೂ ಉಳಿದಿದೆಯೇ ಎಂದು ಸಾನೋಬರ್ ಪಟ್ಟಿಗಳನ್ನೆಲ್ಲ ಹುಡುಕಿದಳು. ಒಂದು ಮೂಲೆಯಲ್ಲಿ ಹೊಲಿಯದೆ ಬರೀ ಗೆರೆಯಲ್ಲೇ ಉಳಿದ ಎಲೆಯೊಂದಿತ್ತು.

“ಅಜ್ಜೀ, ಇದನ್ನ ಹೊಲೀಲಾ?”

“ಅಯ್ಯೋ, ಮುಟ್ಬೇಡ! ಅದನ್ನ ಹಾಗೇ ಬಿಡೋದು. ಎಲ್ಲಾ ಮುಗಿಸಿಬಿಟ್ರೆ ಈ ಮನೇಲಿ ಮುಂದೆ ಮದುವೇನೇ ಇರಲ್ವಂತೆ. ಆಮೇಲೆ ನಿನ್ನ ಗತಿ?”

ಸಾನೋಬರ್ ಬೆರಳನ್ನು ಎಲೆಯಿಂದ ದಾಳಿಂಬೆಯತ್ತ ಸರಿಸಿದಳು.

“ಹಾಗಾದ್ರೆ ನೀನು ಹೊಲಿದ ದಾಳಿಂಬೆ ಬಿಚ್ತೀನಿ.”

“ಅಷ್ಟು ಚೆನ್ನಾಗಿ ಬಂದಿರೋದನ್ನ?” ಎಂದಳು ಅಮ್ಮ.

ಅಜ್ಜಿ ಸಣ್ಣ ಕತ್ತರಿಯನ್ನು ಸಾನೋಬರಳತ್ತ ಚಾಚಿದರು.

ಬಿಚ್ಚುವುದೂ ಸುಲಭವಿರಲಿಲ್ಲ. ಅಜ್ಜಿಯ ಹೊಲಿಗೆ ಗಟ್ಟಿ. ಕೆಂಪು ದಾರದ ಚೂರುಗಳು ಮಡಿಲ ತುಂಬ ಬಿದ್ದವು. ಕೊನೆಗೆ ಸಾನೋಬರ್ ಬಟ್ಟೆಯನ್ನು ರಿಂಗಿಗೆ ಬಿಗಿದು, ಪೆಡಲ್ ತುಳಿದಳು. ಗೆರೆ ಮೆಲ್ಲಗೆ ತಿರುಗುತ್ತಾ ಬಂತು. ಅರ್ಧ ದಾರಿಯಲ್ಲಿ ಒಂದು ಕಡೆ ಸ್ವಲ್ಪ ಉಬ್ಬಿತು.

ಅವಳ ಕೈ ಕತ್ತರಿಯತ್ತ ಹೋಯಿತು.

ಮುನಿಸಾ ಪಕ್ಕದಲ್ಲೇ ಕೂತು ನೋಡುತ್ತಿದ್ದಳು. ಈ ಸಲ ನಗಲಿಲ್ಲ.

ಸಾನೋಬರ್ ಕೈಯನ್ನು ಮತ್ತೆ ರಿಂಗಿನ ಮೇಲಿಟ್ಟಳು. ಉಬ್ಬನ್ನು ಹಾಗೇ ಬಿಟ್ಟು, ಅಲ್ಲಿಂದಲೇ ಹೊಲಿಯುತ್ತಾ ಮುಂದೆ ಹೋದಳು.