ಪಟ್ಟಾ ಅಂಗಡಿಯ ಬಾಗಿಲು

ದಿನಾಂಕ 12 ಜೂನ್ 2014, ಬೆಳಿಗ್ಗೆ ಎಂಟು ಗಂಟೆ. ಉಮರ್ಗಾ ಠಾಣೆಗೆ ವ್ಯಾಪಾರಿ ಓಂಪ್ರಕಾಶ ಏದುಸಿರು ಬಿಡುತ್ತ ಬಂದ.

"ಮೇಡಂ, ನನ್ನ ಅಂಗಡಿ ಬಾಗಲಾ ಕದ್ದಾರ್ರೀ!"

"ಬಾಗಲಾ ಮುರಿದು ಏನು ಒಯ್ದಾರ?"

"ಬಾಗಲಾನೇ ಒಯ್ದಾರ. ಚೌಕಟ್ಟಿನ ಸಮೇತ!"

ಪಿಎಸ್‌ಐ ವಿಜಯಶ್ರೀಗೆ ನಗು ಬಂತು, ಮರುಕ್ಷಣವೇ ಕಿವಿ ನೆಟ್ಟಗಾಯಿತು. ಇಂಥ ಕೇಸು ದಿನಾ ಸಿಗುತ್ತದೆಯೇ? ಎಫ್‌ಐಆರ್ ದಾಖಲಿಸಿ, ಪಂಚರನ್ನು ಕೂಡಿಸಿಕೊಂಡು ಬಜಾರಿಗೆ ಹೊರಟೇಬಿಟ್ಟಳು.

ಪಂಚನಾಮೆ ಮಾಡುವಾಗ ನೋಡಿದರೆ ಫ್ಯಾನು ಇತ್ತು, ತಕ್ಕಡಿ ಇತ್ತು, ಬೇರೇನೂ ಹೋಗಿರಲಿಲ್ಲ. ಚೌಕಟ್ಟನ್ನು ಮಾತ್ರ ಒಂದು ಚೆಕ್ಕೆಯೂ ಏಳದಂತೆ ಬಿಡಿಸಿದ್ದರು. ಇದು ಕಳ್ಳನ ಕೈಯಲ್ಲ, ಆ ಬಾಗಿಲಿನ ಮೇಲೆ ಜೀವ ಇಟ್ಟವನ ಕೈ.

"ಮೊದಲ ಇಲ್ಲಿ ಯಾರಿದ್ರು?"

"ಅರಿವಿ ಅಂಗಡಿ ಕಾಶೆಪ್ಪ. ಭಾಲ್ಕಿ ಕಡ್ಯಾಂವ. ತೊಂಬತ್ಮೂರರ ಭೂಕಂಪ ಆದ ಮ್ಯಾಲ ಖಾಲಿ ಜಾಗಾ ಇಪ್ಪತ್ತು ವರ್ಷ ಪಟ್ಟಾ ಕೊಟ್ಟಿದ್ದೆ. ಅಂಗಡಿ ಅಂವನೇ ಕಟ್ಟಿದ. ಮುದ್ದತ ಮುಗೀತು, ಖಾಲಿ ಮಾಡಿಸಿದೆ. ಕರಾರಿನ ಪ್ರಕಾರ ಕಟ್ಟಿದ್ದೆಲ್ಲಾ ಈಗ ನಂದೇರೀ."

ವಿಜಯಶ್ರೀ ಹಣೆ ಚಚ್ಚಿಕೊಂಡಳು. ಅವಳೂ ಕರ್ನಾಟಕದ ಭಾಲ್ಕಿಯಿಂದ ಗಡಿ ದಾಟಿ ಮಹಾರಾಷ್ಟ್ರದ ಉದಗೀರಕ್ಕೆ ಸೊಸೆಯಾಗಿ ಬಂದವಳು. ತವರಲ್ಲಿ ಪಟ್ಟಾ ಅಂದರೆ ಸ್ವಂತದ ಹಕ್ಕು. ಇಲ್ಲಿಯ ಮರಾಠಿಯಲ್ಲಿ ಪಟ್ಟಾ ಅಂದರೆ ಬರೀ ಬಾಡಿಗೆಯ ಕರಾರು. ಪಾಪ, ತನ್ನದೇ ಜಾಗ ಅಂತ ನಂಬಿ ಕಟ್ಟಿದ್ದನೇನೋ!

ಅಷ್ಟರಲ್ಲಿ ಕಾನ್‌ಸ್ಟೇಬಲ್ ನಿಲೇಶ ಓಡಿ ಬಂದ. "ಚಲಾ ಮೇಡಂ, ನಡೀರಿ! ಟೆಂಪೋದಾಗ ಬಾಗಲಾ ಹೋಗಿದ್ದು ನಿಲಂಗಾ ನಾಕಾದ ಚಹಾದಾಂವ ನೋಡ್ಯಾನ. ವಲಾಂಡಿ ದಾರಿ ಕೇಳಿದ್ರಂತ!"

ಜೀಪು ಧೂಳೆಬ್ಬಿಸಿತು. ವಲಾಂಡಿಯ ಹೊರಗೆ ಬಟಾಬಯಲು. ಅದರ ನಡುವೆ, ಗೋಡೆಯಿಲ್ಲದೆ, ಸೂರಿಲ್ಲದೆ, ಬಾಗಿಲೊಂದೇ ನಿಂತಿತ್ತು! ಕಾಶೆಪ್ಪ ಚೌಕಟ್ಟಿನ ಬುಡಕ್ಕೆ ಸಿಮೆಂಟು ಮೆತ್ತುತ್ತಿದ್ದ. ಅವನ ಹೆಂಡತಿ ಸುಗಂಧಾ ಹೊಸ್ತಿಲಿಗೆ ಅರಿಶಿನ ಹಚ್ಚುತ್ತಿದ್ದಳು.

"ಈ ಬಾಗಲಾ ನೀನೇ ತಂದಿಯೇನು?"

"ಹೌದ್ರೀ ತಾಯಿ. ಅಂಗಡಿ ಅಂವಂದು, ಒಪ್ಪಿದೆ. ಈ ಬಾಗಲಾ ಭಾಲ್ಕಿ ಬಿಟ್ಟು ಬಂದು ಸಾಸ್ತೂರದಾಗ ಕಟ್ಟಿದ್ದ, ಬಿದ್ದುಹೋದ ನಮ್ಮ ಮನಿದು. ಭೂಕಂಪದಾಗ ಇದರ ಕೆಳಗ ನಿಂತೇ ನಾವಿಬ್ಬರೂ ಉಳದೀವಿ. ಪಟ್ಟಾ ಅಂದ್ರ ನಂದೇ ಜಾಗಾ ಅಂತ ತಿಳಕೊಂಡು ಅಲ್ಲಿ ಕುಂದರಿಸಿದ್ದೆ."

"ಓಂಪ್ರಕಾಶಗ ಕೇಳಬೇಕಿತ್ತು."

"ಕೇಳಿದೆರೀ. ಗ್ವಾಡಿಗಿ ಹತ್ತಿದ್ದೆಲ್ಲಾ ನಂದು ಅಂದ."

ಕಳ್ಳ ಸಿಕ್ಕನೆಂಬ ವಿಜಯಶ್ರೀಯ ಹುರುಪೆಲ್ಲ ಒಮ್ಮೆಲೇ ಇಳಿಯಿತು. ಆದರೂ ಕಾನೂನು ಕಾನೂನೇ. ಬಾಗಿಲನ್ನು ಜಪ್ತಿ ಮಾಡಿ ಮುದ್ದೆಮಾಲಿನ ಚೀಟಿ ಅಂಟಿಸಿದಳು, ಕಾಶೆಪ್ಪನನ್ನು ಬಂಧಿಸಿರುವುದಾಗಿ ಹೇಳಿದಳು.

ಅವನು ಕೈ ಒರೆಸಿಕೊಂಡ. "ಈ ಜಾಗಾ ಪಟ್ಟಾ ಅಲ್ಲ ತಾಯಿ. ಈ ಸಲ ನಾಕು ಮಂದಿಗಿ ಕೇಳಿ ತಗೊಂಡೀನಿ. ಮಾಲ್ಕಿ, ನಮ್ಮ ಸ್ವಂತದ್ದು."

ಸುತ್ತ ಎಲ್ಲ ಕಡೆ ಬಯಲೇ ಇತ್ತು. ಆದರೂ ಕಾಶೆಪ್ಪ ಜೀಪಿನ ಕಡೆಗೆ ಬರುವಾಗ ತಲೆ ಬಗ್ಗಿಸಿ, ಹೊಸ್ತಿಲು ದಾಟಿ, ಬಾಗಿಲಿನಿಂದಲೇ ಹೊರಗೆ ಬಂದ.